ಹಳೆಯದೇ ಸಾಕೆನ್ನುವವರಿಗೆ

ಮೈಲ್ಸ್ ಡೇವಿಸ್‌ನ 1959ರ 'ಕೈಂಡ್ ಆಫ್ ಬ್ಲೂ'ಗೇ ಜಾಝ್ ಮುಗಿಯಿತು, ಆಮೇಲಿನದೆಲ್ಲ ಎಂಜಲು ಎನ್ನುವ ರಸಿಕರನ್ನು ಕಂಡರೆ ನನಗೆ ರೇಗುತ್ತದೆ. ಮ್ಯೂನಿಕ್‌ನ ಸ್ವತಂತ್ರ ಕಂಪನಿ ಇಸಿಎಂ 1969ರಲ್ಲಿ ಮುದ್ರಿಸಿಕೊಂಡ ಮೊದಲ ಆಲ್ಬಂ ಮಾಲ್ ವಾಲ್ಡ್ರನ್‌ನ ಮೂವರ ತಂಡದ್ದು. 1983ರ 'ಜ್ಯೋತಿ'ಯಲ್ಲಿ ಚಾರ್ಲಿ ಮರಿಯಾನೋನ ಸ್ಯಾಕ್ಸೊಫೋನ್ ಜೊತೆ ನಮ್ಮ ಬೆಂಗಳೂರಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿಯವರನ್ನು ಕೂರಿಸಿದ್ದೂ ಅದೇ. 2024ರ 'ಕಂಪ್ಯಾಷನ್'ನಲ್ಲೂ ಮೂವರೇ: ಪಿಯಾನೋಗೆ ವಿಜಯ್ ಅಯ್ಯರ್, ಬಾಸ್‌ಗೆ ಲಿಂಡಾ ಮೇ ಹಾನ್ ಓ, ಡ್ರಮ್ಸ್‌ಗೆ ಟೈಶಾನ್ ಸೋರಿ. ಮೂವರಿದ್ದಾಗ ಯಾರೂ ಯಾರ ಮರೆಯಲ್ಲೂ ಅಡಗುವಂತಿಲ್ಲ. ಒಬ್ಬರು ಸುಮ್ಮನಾದರೂ ಕೇಳುತ್ತದೆ. ಇಂಥದ್ದನ್ನು ಪುಕ್ಕಟೆಯಾಗಿ, ಅರ್ಧ ಕಿವಿಯಲ್ಲಿ ಕೇಳಿ 'ಹೊಸದರಲ್ಲಿ ಏನೂ ಇಲ್ಲ' ಎಂದರೆ ಯಾವ ನ್ಯಾಯ? ಸತ್ತವರ ಆಲ್ಬಂ ನಾಲ್ಕು ಸಲ ಕೊಳ್ಳುವವರು ಬದುಕಿರುವವರದೊಂದನ್ನು ಕೊಳ್ಳಲಿ. ಅದೂ ಆಗದಿದ್ದರೆ, ಜಾಝ್ ಸತ್ತಿತೆಂದು ಅಳುವ ಹಕ್ಕೂ ಅವರಿಗಿಲ್ಲ.