ಮೂರು ಮಾತು, ಅದರ ಬಾಬ್ತು

ನಮ್ಮ ಪತ್ರಿಕೆಯ ಕೊನೆಯ ಪುಟಗಳಲ್ಲಿ ಪ್ರತಿ ತಿಂಗಳೂ ಶ್ರದ್ಧಾಂಜಲಿ ಪ್ರಕಟಣೆಗಳು ಬರುತ್ತವೆ. ಒಂದು ಭಾವಚಿತ್ರ, ಹುಟ್ಟಿದ ತಾರೀಖು, ತೀರಿಕೊಂಡ ತಾರೀಖು, ಅದರ ಕೆಳಗೆ ‘ಆದರ್ಶ ಪತಿ, ವಾತ್ಸಲ್ಯದ ತಂದೆ, ಮಮತೆಯ ಅಜ್ಜ’. ಈ ಮೂರು ಮಾತು ಎಲ್ಲರಿಗೂ ಒಂದೇ. ಆದರೆ ವ್ಯಾಪಾರಸ್ಥರಾದ ನಮಗೆ ಗೊತ್ತಿದೆ, ಲೆಕ್ಕದಲ್ಲಿ ಬರೀ ಮೊತ್ತ ಬರೆದರೆ ಆಗುವುದಿಲ್ಲ, ಬಾಬ್ತನ್ನೂ ಬರೆಯಬೇಕು. ಕಳೆದ ವರ್ಷ ತೀರಿಕೊಂಡ ನಮ್ಮ ದೊಡ್ಡ ಭಾವನವರ ವಿಷಯದಲ್ಲಿ ಆ ಬಾಬ್ತುಗಳನ್ನು ಬರೆಯಬೇಕೆನಿಸಿತು. ಹೆಸರು ಹಾಕುವುದಿಲ್ಲ. ಹೆಸರು ಮೆರೆಸುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ಭಾವನವರು ಹಾಸನದ ಕಡೆಯವರು. 1961ರಲ್ಲಿ ಬೋಡಿನಾಯಕನೂರಿಗೆ ಹೋಗಿ ಏಲಕ್ಕಿ ಮಂಡಿಯಲ್ಲಿ ಗುಮಾಸ್ತರಾಗಿ ಸೇರಿದರು. ಆಗ ಅದು ಮಧುರೆ ಜಿಲ್ಲೆಗೆ ಸೇರಿತ್ತು. ತೇನಿ ಬೇರೆ ಜಿಲ್ಲೆಯಾದದ್ದು 1996ರಲ್ಲಿ. ಇಡುಕ್ಕಿ ಬೆಟ್ಟದ ಏಲಕ್ಕಿ ಬೋಡಿಮೆಟ್ಟು ಘಾಟಿ ಇಳಿದು ಈ ಊರಿಗೆ ಬರುತ್ತದೆ. ಇಲ್ಲಿ ಜರಡಿ ಹಿಡಿದು ಗಾತ್ರದಂತೆ ಬೇರೆ ಮಾಡಿ ಹರಾಜಾಗಿ ಊರೂರಿಗೆ ಹೋಗುತ್ತದೆ. ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದ ಮೇಲೆ ಭಾವನವರು ಸ್ವಂತ ಮಂಡಿ ಇಟ್ಟರು.

ಮೊದಲು ಪತಿಯ ಬಾಬ್ತು. 1998ರಲ್ಲಿ ನಮ್ಮ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ತೊದಲಿತು. ಅಕ್ಕ ಚಿಕ್ಕಂದಿನಿಂದ ರಾತ್ರಿ ಭೋಜನ ತ್ಯಾಗ ಮಾಡಿದವಳು. ಗಂಟಲಲ್ಲಿ ತುತ್ತು ಇಳಿಯುವುದು ನಿಧಾನ, ಒಂದು ಊಟಕ್ಕೆ ಒಂದು ಗಂಟೆ ಬೇಕು. ಹಾಗಾಗಿ ಭಾವನವರು ಸಂಜೆ ನಾಲ್ಕೂವರೆಗೆಲ್ಲ ಮಂಡಿಯಿಂದ ಏಳುತ್ತಿದ್ದರು. ಲೇವಾದೇವಿ ಕುದುರುವುದು ಸಂಜೆಯ ಹೊತ್ತಿನಲ್ಲಿ ಎಂದು ವ್ಯಾಪಾರ ಮಾಡುವವರಿಗೆ ಹೇಳಬೇಕಾಗಿಲ್ಲ. ನಾಲ್ಕಾರು ದೊಡ್ಡ ಗಿರಾಕಿಗಳು ಬೇರೆ ಮಂಡಿಗೆ ಹೋದರು. ಊಟ ಮಾಡಿಸಲು ಒಬ್ಬ ಹೆಂಗಸನ್ನು ಇಟ್ಟುಕೊಳ್ಳಿ ಎಂದು ನಾನೇ ಒಮ್ಮೆ ಹೇಳಿದೆ. ಅದಕ್ಕೆ ಅವರು, ‘ಬಟ್ಟೆ ಪಾತ್ರೆಗೆ ಜನ ಇದ್ದಾರಪ್ಪ. ಆದರೆ ನಾನು ಗಲ್ಲಾದ ಮುಂದೆ ಕೂತಿರುವಾಗ ಅವಳ ವ್ರತ ಕೆಡಬಾರದು’ ಎಂದರು. ಊಟವಾದ ಮೇಲೆ ಪಂಚನಮಸ್ಕಾರ ಮಂತ್ರದ ಒಂದೊಂದು ಪದವನ್ನು ಅವರು ಹೇಳುವುದು, ಮುಂದಿನದನ್ನು ಅಕ್ಕ ತೊದಲುತ್ತ ಸೇರಿಸುವುದು. ಹದಿನಾಲ್ಕು ವರ್ಷ, ಅಕ್ಕ ಹೋಗುವ ತನಕ ಇದು ನಡೆಯಿತು.

ಇನ್ನು ತಂದೆಯ ಬಾಬ್ತು. 1980ರ ದಶಕದಲ್ಲಿ ಗ್ವಾಟೆಮಾಲಾ ದೇಶದ ಏಲಕ್ಕಿ ಪರದೇಶದ ಮಾರುಕಟ್ಟೆಗೆ ಹೇರಳವಾಗಿ ಬಂದು ನಮ್ಮ ರಫ್ತಿಗೆ ಪೆಟ್ಟು ಬಿತ್ತು. ಭಾವನವರು ಬೆಟ್ಟದ ಕೆಲವು ಸಣ್ಣ ಬೆಳೆಗಾರರಿಗೆ ಮೊದಲೇ ಒಂದು ದರ ಹೇಳಿಬಿಟ್ಟಿದ್ದರು. ಕಾಗದವಿಲ್ಲ, ಬಾಯಿಮಾತು. ಹಿಂದೆ ಸರಿದರೂ ಕೇಳುವವರಿರಲಿಲ್ಲ. ಅವರು ಸರಿಯಲಿಲ್ಲ. ಮಗಳ ಮದುವೆಗೆಂದು ದಿಂಡಿಗಲ್ಲಿನಲ್ಲಿ ಮಾಡಿಟ್ಟಿದ್ದ ನಿವೇಶನವನ್ನು ಮಾರಿ, ಹೇಳಿದ ದರವನ್ನೇ ಕೊಟ್ಟರು. ಇಷ್ಟನ್ನು ಬೇರೆಯವರೂ ಮಾಡಿಯಾರು. ಅವರು ಮಾಡಿದ್ದು ಇನ್ನೊಂದಿದೆ. ಹದಿನೇಳು ವರ್ಷದ ಮಗಳನ್ನು ಕೂರಿಸಿಕೊಂಡು ಖಾತೆ ಪುಸ್ತಕ ತೆಗೆದು, ಯಾರಿಗೆ ಎಷ್ಟು, ಏಕೆ ಎಂದು ಬೆರಳಿಟ್ಟು ತೋರಿಸಿದರು. ‘ನಿನ್ನ ಹೆಸರಿನ ಆಸ್ತಿ ಖರ್ಚಾಗಿದೆ, ನಿನಗೆ ಲೆಕ್ಕ ಗೊತ್ತಿರಬೇಕು ಮಗಾ’ ಎಂದರು. ಹೆಣ್ಣುಮಕ್ಕಳ ಮುಂದೆ ಖಾತೆ ಬಿಚ್ಚದ ಕಾಲ ಅದು. ಇಂದು ಮಂಡಿ ನಡೆಸುತ್ತಿರುವವಳು ಆ ಮಗಳೇ. ಹರಾಜು ಈಗ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಮೊಮ್ಮಕ್ಕಳಾದ ಮೇಲೂ ಅವಳು ಗುಂಡಿ ಒತ್ತಿ ದರ ಕೂಗುತ್ತಾಳೆ.

ಅಜ್ಜನ ಬಾಬ್ತಿಗೆ ಬರೋಣ. ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗ ಕುಟುಂಬಗಳಿವೆ, ಓದುಬರಹ ಮಾತ್ರ ತಮಿಳು. ನಮ್ಮ ಮಕ್ಕಳೂ ಹಾಗಾಗಬಾರದೆಂದು ಭಾವನವರು ಜರಡಿಯಲ್ಲಿ ಉದುರಿದ ಸಣ್ಣ ಏಲಕ್ಕಿಯನ್ನು ಜಮಖಾನದ ಮೇಲೆ ಜೋಡಿಸಿ ಮೊಮ್ಮಕ್ಕಳಿಗೆ ಅ ಆ ಇ ಈ ತಿದ್ದಿಸಿದರು. ವರ್ಷಕ್ಕೊಮ್ಮೆ ಅವರನ್ನು ಉತ್ತಮಪಾಳಯದ ಕರುಪ್ಪಣ್ಣಸ್ವಾಮಿ ಬಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ತೀರ್ಥಂಕರ ಬಿಂಬಗಳು ಸಾಲಾಗಿ ಬಂಡೆಯಲ್ಲೇ ಕಡೆದಿವೆ. ಕೆಳಗೆ ವಟ್ಟೆೞುತ್ತು ಲಿಪಿಯ ಬರಹಗಳಲ್ಲಿ ಅಜ್ಜಣಂದಿ ಎಂಬ ಆಚಾರ್ಯರ ಹೆಸರು ಸಿಗುತ್ತದೆ. ‘ನಾವು ಈ ಊರಿಗೆ ಹೊಸಬರಲ್ಲ’ ಎಂದು ಭಾವನವರು ಮಕ್ಕಳಿಗೆ ಹೇಳುತ್ತಿದ್ದರು.

ಅವರು ಹೋದ ಮೇಲೆ ಸ್ಮಾರಕದ ಮಾತು ಬಂತು. ಮಗ ಒಂದು ಸಭಾಭವನಕ್ಕೆ ದೊಡ್ಡ ಮೊತ್ತ ಕೊಟ್ಟು ಅಮೃತಶಿಲೆಯಲ್ಲಿ ತಂದೆಯ ಹೆಸರು ಕೆತ್ತಿಸೋಣ ಎಂದ. ಅವನ ಪ್ರೀತಿಯಲ್ಲಿ ಕೊರತೆಯೇನಿಲ್ಲ. ಮಗಳು ಬೇರೆ ಮಾತು ಹೇಳಿದಳು. ದಿಂಡಿಗಲ್ ಜಿಲ್ಲೆಯಲ್ಲಿ ಪಳನಿಯ ಹತ್ತಿರ ಐವರಮಲೈ ಎಂಬ ಗುಡ್ಡವಿದೆ. ಅಲ್ಲಿಯ ಶಾಸನ ಶಕ 792ರದು, ಅಂದರೆ ಕ್ರಿ.ಶ. 870. ಗುಣವೀರ ಗುರುಗಳ ಶಿಷ್ಯರಾದ ಶಾಂತಿವೀರರು ಹಳೆಯ ಪಾರ್ಶ್ವನಾಥ ಬಿಂಬವನ್ನೂ ಯಕ್ಷಿಯರ ಬಿಂಬಗಳನ್ನೂ ಜೀರ್ಣೋದ್ಧಾರ ಮಾಡಿಸಿ, ಅವುಗಳ ನೈವೇದ್ಯಕ್ಕೂ ಒಬ್ಬ ತ್ಯಾಗಿಯ ಆಹಾರಕ್ಕೂ 505 ಕಾಣಂ ಚಿನ್ನ ಬಿಟ್ಟರು ಎಂದು ಅದರಲ್ಲಿದೆ. ‘ಅಪ್ಪ ಇದನ್ನು ನಮಗೆ ಎಷ್ಟು ಸಲ ಹೇಳಿದ್ದಾರೆ! ಅವರು ಹೊಸದನ್ನು ಕಟ್ಟಲಿಲ್ಲ, ಇದ್ದದ್ದು ನಿಲ್ಲದಂತೆ ನೋಡಿಕೊಂಡರು’ ಎಂದಳು.

ಕಣಿವೆಯ ರೈತರನ್ನೇ ನೋಡಿ. ಮುಲ್ಲೈ ಪೆರಿಯಾರ್ ಅಣೆಕಟ್ಟನ್ನು 1895ರಲ್ಲಿ ಮುಗಿಸಿ ಈ ಬರಡು ಸೀಮೆಗೆ ನೀರು ತಂದ ಇಂಜಿನಿಯರ್ ಪೆನ್ನಿಕ್ವಿಕ್ ಸಾಹೇಬರು ತೀರಿಕೊಂಡದ್ದು 1911ರಲ್ಲಿ, ಇಂಗ್ಲೆಂಡಿನಲ್ಲಿ. ಲೋವರ್ ಕ್ಯಾಂಪಿನಲ್ಲಿ ಅವರ ಮಣಿಮಂಟಪವಾದದ್ದು 2013ರಲ್ಲಿ. ಆದರೆ ರೈತರ ಮನೆಗಳ ಗೋಡೆಯ ಮೇಲೆ ಅವರ ಪಟ ಅದಕ್ಕೂ ಮೊದಲೇ ಇತ್ತು. ಅವರು ಹುಟ್ಟಿದ ಜನವರಿ 15ರಂದು ಇಲ್ಲಿ ಪೊಂಗಲ್ ಇಡುತ್ತಾರೆ. ಹರಿಯುವ ನೀರು ಅವರನ್ನು ನೆನಪಿಸುತ್ತಲೇ ಇದೆ.

ಕೊನೆಗೆ ಮಗನೂ ಒಪ್ಪಿದ. ಮೀಸಲಿಟ್ಟ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಿಂದ ಹುಟ್ಟೂರಿನ ಹಳೆಯ ಬಸದಿಯ ನಿತ್ಯ ಅಭಿಷೇಕಕ್ಕೆ ಮತ್ತು ಲಕ್ವ ಹೊಡೆದ ಒಬ್ಬ ಬಡ ರೋಗಿಯ ಆರೈಕೆಗೆ ಕೊಡುವುದೆಂದು ನಿಶ್ಚಯವಾಯಿತು. ಹೆಸರಿನ ಫಲಕ ಇಲ್ಲ. ಸಂಜೆ ನಾಲ್ಕೂವರೆಗೆ ಮಂಡಿ ಮುಚ್ಚುವ ಪದ್ಧತಿಯನ್ನು ಮಗಳು ಮುಂದುವರಿಸಿದ್ದಾಳೆ. ಕೆಲಸದವರೂ ಬೆಳಕಿರುವಾಗಲೇ ಮನೆ ಸೇರುತ್ತಾರೆ.

ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದೆ ನಿಮ್ಮ ಮನೆಯ ಹಿರಿಯರ ಪ್ರಕಟಣೆ ಕಳಿಸುವಾಗ ಆ ಮೂರು ಮಾತುಗಳ ಕೆಳಗೆ ಒಂದೇ ಒಂದು ಬಾಬ್ತನ್ನು ಸೇರಿಸಿ. ಅವರು ದಿನವೂ ಏನು ಮಾಡುತ್ತಿದ್ದರು, ಯಾರಿಗಾಗಿ ಮಾಡುತ್ತಿದ್ದರು ಎಂಬುದನ್ನು ಬರೆಯಿರಿ. ಮೊಮ್ಮಕ್ಕಳು ಓದಿ ಅದನ್ನು ಮುಂದುವರಿಸಲು ಅನುಕೂಲವಾಗುತ್ತದೆ.