ಮೌಸ್‌ಗೂ ಒಂದು ಅವಧಿ ಬೇಕು

ನನ್ನ ವೀಕ್ಷಣಾ ಪುಸ್ತಕದಲ್ಲಿ ಹನ್ನೊಂದನೆಯ ಪಾಠದ ಕೆಳಗೆ ಒಂದು ಷರಾ ಇದೆ: ಮೌಸ್ ಪರಿಚಯಕ್ಕೆ ಯೋಜನೆಯಲ್ಲಿ 5 ನಿಮಿಷ ಇತ್ತು, 25 ನಿಮಿಷ ಹಿಡಿದಿದೆ, ಸಮಯ ಪಾಲನೆ ಸುಧಾರಿಸಬೇಕು. ಬರೆದ ಮೇಡಂ ಅನುಭವಿಗಳು, ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಪಾಠದ ಉಳಿದ ಭಾಗ ಮುಗಿಯುವ ಮೊದಲೇ ಗಂಟೆ ಹೊಡೆದದ್ದೂ ನಿಜ. ಆದರೂ ಆ ದಿನ ನಾನು ಮಾಡಿದ ತಪ್ಪು ಬೇರೆ ಕಡೆ ಇತ್ತು ಎಂದು ನನಗೆ ಅನಿಸುತ್ತದೆ. ಪಾಠಯೋಜನೆಯ ಮೊದಲ ಪುಟದಲ್ಲಿ, 'ಪೂರ್ವಜ್ಞಾನ' ಎಂಬ ಶೀರ್ಷಿಕೆಯ ಮುಂದೆ, "ವಿದ್ಯಾರ್ಥಿಗಳಿಗೆ ಮೌಸ್ ಬಳಕೆ ಗೊತ್ತಿದೆ" ಎಂದು ಬರೆದಿದ್ದೆ. ಯಾರನ್ನೂ ಕೇಳದೆ ಬರೆದ ಸಾಲು ಅದು. ಹಿಂದಿನ ವರ್ಷದವರ ಯೋಜನೆ ನೋಡಿ ಬರೆದದ್ದು ಎಂದು ಒಪ್ಪಿಕೊಳ್ಳುತ್ತೇನೆ.

ತರಗತಿ ಎಂಟನೆಯದು. ಪಾಠ, ಪೇಂಟ್ ತಂತ್ರಾಂಶದಲ್ಲಿ ಸರಳ ಆಕೃತಿಗಳ ರಚನೆ. ಮಕ್ಕಳು 39, ನಡೆಯುವ ಕಂಪ್ಯೂಟರ್‌ಗಳು 6. ಮೊದಲ ನಿಮಿಷದಲ್ಲೇ ಒಬ್ಬ ಹುಡುಗ ಮಾನಿಟರ್ ಮೇಲೆ ಬೆರಳಿಟ್ಟು ಸರಿಸಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿ ಸರಿಸಿದ. ಪಕ್ಕದವನು, "ಇದು ಹಾಳಾಗೈತೆ ಕಣೋ, ಬೇರೇದಕ್ಕೆ ಹೋಗಣ" ಎಂದ. ಇವರೆಲ್ಲ ಮನೆಯ ಮೊಬೈಲಿನಲ್ಲಿ ವಿಡಿಯೊ ಹುಡುಕುವವರು, ಅಪ್ಪನಿಗೆ ಫೋನ್‌ಪೇ ಮಾಡಿಕೊಡುವವರು. ಅವರಿಗೆ ಏನೂ ಬರುವುದಿಲ್ಲ ಎಂದಲ್ಲ. ಬಂದದ್ದೇ ಅಡ್ಡ ಬರುತ್ತಿತ್ತು.

ಅದು ಹೇಗೆ ಎಂದು ನನಗೆ ಅರ್ಥವಾದದ್ದು ಎರಡನೆಯ ಯಂತ್ರದ ಹತ್ತಿರ. ಒಬ್ಬಳು ಮೌಸ್ ಅನ್ನು ಮೇಜಿನಿಂದ ಎತ್ತಿ, ಅರ್ಧ ಅಡಿ ಬಲಕ್ಕೆ ತಂದು ಇಟ್ಟಳು. ಪರದೆಯ ಬಾಣ ಇದ್ದಲ್ಲೇ ಇತ್ತು. ಮತ್ತೆ ಎತ್ತಿ ಇಟ್ಟಳು. ಅವಳ ದೃಷ್ಟಿಯಲ್ಲಿ ಅವಳು ಮಾಡಿದ್ದು ಸರಿಯೇ. ಮೊಬೈಲಿನಲ್ಲಿ ಬೆರಳು ಎತ್ತಿ ಎಲ್ಲಿ ಇಡುತ್ತೇವೋ ಅಲ್ಲೇ ಕೆಲಸ ಆಗುತ್ತದೆ. ಮೌಸ್ ಹಾಗಲ್ಲ. ಅದಕ್ಕೆ ತಾನು ಎಲ್ಲಿದ್ದೇನೆ ಎಂಬುದು ಗೊತ್ತೇ ಇಲ್ಲ, ಎಷ್ಟು ಸರಿದೆ, ಯಾವ ಕಡೆ ಸರಿದೆ ಎಂಬುದಷ್ಟೇ ಗೊತ್ತು. ಅಡಿಯಲ್ಲಿರುವ ದೀಪ ಮೇಜಿನ ಮೇಲೆ ಬೆಳಕು ಚೆಲ್ಲುತ್ತದೆ. ಪಕ್ಕದ ಪುಟ್ಟ ಸಂವೇದಕ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಆ ಜಾಗದ ಚಿತ್ರ ತೆಗೆದು, ಒಂದೊಂದನ್ನೂ ಹಿಂದಿನದರ ಜೊತೆ ಹೋಲಿಸುತ್ತದೆ. ವ್ಯತ್ಯಾಸ ಎಷ್ಟೋ ಬಾಣದ ಚಲನೆ ಅಷ್ಟು. ಎತ್ತಿದರೆ ಮೇಲ್ಮೈ ಕಾಣುವುದಿಲ್ಲ, ಲೆಕ್ಕ ನಿಲ್ಲುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊಬೈಲ್ ಕೊಡುವುದು ಸ್ಥಾನ, ಮೌಸ್ ಕೊಡುವುದು ಸ್ಥಾನಪಲ್ಲಟ. ಒಂಬತ್ತನೆಯ ತರಗತಿಯ 'ಚಲನೆ' ಪಾಠದಲ್ಲಿ ಇದೇ ಸ್ಥಾನಪಲ್ಲಟಕ್ಕೆ ಕಪ್ಪುಹಲಗೆಯ ಮೇಲೆ ಬಾಣ ಎಳೆದು ಎಳೆದು ಸುಸ್ತಾಗುತ್ತೇವೆ. ಕಂಪ್ಯೂಟರ್ ಕೊಠಡಿಯಲ್ಲಿ ಅದು ಮಗುವಿನ ಅಂಗೈ ಕೆಳಗೇ ಇದೆ.

ಇದು ಒಮ್ಮೆ ತಿಳಿದರೆ ಎಲ್ಲ ಮಕ್ಕಳೂ ಸಿಕ್ಕಿಹಾಕಿಕೊಳ್ಳುವ ಇನ್ನೊಂದು ಜಾಗವೂ ಬಿಡಿಸಿಕೊಳ್ಳುತ್ತದೆ. "ಮಿಸ್, ಮೇಜೇ ಮುಗೀತು, ಬಾಣ ಇನ್ನೂ ಅರ್ಧದಲ್ಲೇ ನಿಂತೈತೆ." ಎತ್ತಿದಾಗ ಬಾಣ ಕದಲುವುದಿಲ್ಲ ಎಂಬುದನ್ನೇ ಬಳಸಿಕೊಂಡು, ಮೌಸ್ ಅನ್ನು ಎತ್ತಿ ಮೇಜಿನ ನಡುವೆ ಇಟ್ಟು ಮತ್ತೆ ಸರಿಸಬೇಕು. ಈ ಒಂದು ಸಂಗತಿಯನ್ನು ನಾನು ಬಾಯಲ್ಲಿ ಹೇಳಿದಾಗ ಯಾರಿಗೂ ಹತ್ತಲಿಲ್ಲ. ಅದೇ ಹುಡುಗಿ ಮಾಡಿ ತೋರಿಸಿದಾಗ ಆರೂ ಯಂತ್ರಗಳಿಗೆ ಎರಡು ನಿಮಿಷದಲ್ಲಿ ಹರಡಿತು.

ಆ ಕೊಠಡಿಯ ಒಂದು ಮೇಜಿಗೆ ಮಾತ್ರ ಗಾಜಿನ ಹೊದಿಕೆ ಇತ್ತು. ಅಲ್ಲಿ ಬಾಣ ಜಿಗಿಯುತ್ತಿತ್ತು, ಇಲ್ಲವೇ ನಿಂತೇ ಬಿಡುತ್ತಿತ್ತು. ಮಕ್ಕಳು ಮೌಸ್ ಕೆಟ್ಟಿದೆ ಎಂದು ಬೇರೆ ಕೇಳಿದರು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮಡಿಸಿ ಅಡಿಗೆ ಇಟ್ಟೆ, ಓಡಿತು. ಬರಿಗಣ್ಣಿಗೆ ನುಣುಪಾಗಿ ಕಾಣುವ ಕಾಗದವೂ ಸಂವೇದಕಕ್ಕೆ ಏರುತಗ್ಗಿನ ಹೊಲ, ಗಾಜಿನಲ್ಲಿ ಅದಕ್ಕೆ ಹಿಡಿಯಲು ಗುರುತೇ ಸಿಗುವುದಿಲ್ಲ. ಯಾಕೆ ಎಂದು ಮೂವರು ಕೇಳಿದರು. ಎಂಟನೆಯ ತರಗತಿಯ ಬೆಳಕಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಇಲ್ಲಿಯವರೆಗೆ ಸಿಕ್ಕಿಲ್ಲ.

ಈಗ ಬಾಲದ ವಿಷಯ. ನಮ್ಮ ಕಾಲೇಜಿನಲ್ಲಿ ಈ ಪಾಠದ ಚರ್ಚೆ ನಡೆದಾಗ ಸಹಪಾಠಿಯೊಬ್ಬರು, ವೈರ್ ಇಲ್ಲದ ಮೌಸ್ ತರಿಸಿದರೆ ಅರ್ಧ ತಲೆನೋವು ಕಡಿಮೆ ಎಂದರು. ನಾನು ಒಪ್ಪುವುದಿಲ್ಲ. ವೈರ್ ಇಲ್ಲದ್ದಕ್ಕೆ ಬ್ಯಾಟರಿ ಬೇಕು. ಉಗುರಿನಷ್ಟು ದೊಡ್ಡ ರಿಸೀವರ್ ಕಸದ ಜೊತೆ ಗುಡಿಸಿ ಹೋದರೆ ಸಾಮಾನ್ಯವಾಗಿ ಆ ಮೌಸೇ ಹೋದಂತೆ. ಸಾಲಾಗಿಟ್ಟ ಕಂಪ್ಯೂಟರ್‌ಗಳಲ್ಲಿ ರಿಸೀವರ್ ಅದಲು ಬದಲಾದರೆ ಒಬ್ಬ ಇಲ್ಲಿ ಸರಿಸಿದ್ದಕ್ಕೆ ಬಾಣ ಅಲ್ಲಿ ಓಡುತ್ತದೆ. ಇವೆಲ್ಲ ಖರ್ಚಿನ, ಗೊಂದಲದ ಮಾತು. ನನಗೆ ಮುಖ್ಯವಾದ ಕಾರಣ ಬೋಧನೆಯದ್ದು. ವೈರ್ ದಿಕ್ಕು ತೋರಿಸುತ್ತದೆ. ಮೌಸ್ ಅಡ್ಡ ತಿರುಗಿದ್ದರೆ ಮೇಲಕ್ಕೆ ಸರಿಸಿದಾಗ ಬಾಣ ಪಕ್ಕಕ್ಕೆ ಹೋಗುತ್ತದೆ, ಏಕೆಂದರೆ ಎಕ್ಸ್ ಮತ್ತು ವೈ ಅಕ್ಷಗಳು ಮೌಸ್‌ನವು, ಮೇಜಿನವಲ್ಲ. "ಬಾಲ ಮಾನಿಟರ್ ಕಡೆಗಿರಲಿ" ಎಂದ ಒಂದೇ ಮಾತಿಗೆ ಎಲ್ಲರ ಕೈ ನೇರವಾಯಿತು. ಮೌಸ್‌ನ ಮೊದಲ ಮಾದರಿಗೂ ವೈರ್ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬರ್ಟ್ ಯೋಚಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿದ ಆ ಮರದ ಪೆಟ್ಟಿಗೆಗೆ ಅಡಿಯಲ್ಲಿ ಲಂಬವಾಗಿ ಕೂರಿಸಿದ ಎರಡು ಚಕ್ರಗಳು, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ವೈರ್ ಮೊದಲು ಮಣಿಕಟ್ಟಿನ ಕಡೆಯಿಂದ ಹೊರಬರುತ್ತಿತ್ತು, ಕೈಗೆ ಅಡ್ಡವಾಗುತ್ತದೆ ಎಂದು ಬೇಗನೆ ಮುಂದಕ್ಕೆ ಬಂತು. ಎರಡು ಚಕ್ರದ ಆ ಚಿತ್ರವನ್ನು ಹಲಗೆಯ ಮೇಲೆ ಬರೆದರೆ ನಿರ್ದೇಶಾಂಕಗಳ ಪಾಠವೂ ಆಯಿತು.

ವೈರ್‌ಗೆ ದೋಷವಿಲ್ಲವೆಂದಲ್ಲ. ಪಾಠ ಮುಗಿದೊಡನೆ ಅದನ್ನು ಮೌಸ್ ಸುತ್ತ ಬಿಗಿಯಾಗಿ ಸುತ್ತಿ ಬೀರುವಿನಲ್ಲಿಡುವ ಅಭ್ಯಾಸ ನಮ್ಮಲ್ಲಿ ಇದೆ, ಕುತ್ತಿಗೆಯ ಹತ್ತಿರವೇ ಒಳಗಿನ ತಂತಿ ಮುರಿಯುತ್ತದೆ. ಸಡಿಲವಾಗಿ ಮಡಿಸಿಟ್ಟರೆ ಸಾಕು.

ಸುತ್ತಿಡುವವರು, ಬಿಚ್ಚುವವರು, ಜೋಡಿಸುವವರು ಯಾರು ಎಂಬ ಪ್ರಶ್ನೆಗೆ ನನ್ನ ಉತ್ತರ: ಮಕ್ಕಳು. ಇಲ್ಲಿ ಮಾರ್ಗದರ್ಶಕ ಶಿಕ್ಷಕರಿಗೂ ನನಗೂ ಭಿನ್ನಾಭಿಪ್ರಾಯ ಬಂತು. ಅವರು ಅವಧಿಗೆ ಮೊದಲೇ ತಾವೇ ಎಲ್ಲವನ್ನೂ ಜೋಡಿಸಿಡುತ್ತಾರೆ. "ಇವತ್ತು ಮೌಸ್ ವೈರ್ ಕೀಳ್ತಾರೆ, ನಾಳೆ ಯುಪಿಎಸ್ ವೈರಿಗೆ ಕೈ ಹಾಕ್ತಾರಮ್ಮ. ಏನಾದ್ರೂ ಆದ್ರೆ ಪೋಷಕರಿಗೆ ಉತ್ತರ ಕೊಡೋರು ಯಾರು?" ಅವರ ಭಯ ಸುಮ್ಮನೆ ಬಂದದ್ದಲ್ಲ. ಆದರೆ ಎಲ್ಲ ವೈರ್‌ಗಳನ್ನೂ ಒಂದೇ ದೆವ್ವ ಮಾಡಿದರೆ ಮಗು ವ್ಯತ್ಯಾಸ ಕಲಿಯುವುದು ಯಾವಾಗ? ಯುಎಸ್‌ಬಿ ಕಿಂಡಿಯಿಂದ ಮೌಸ್‌ಗೆ ಹೋಗುವುದು 5 ವೋಲ್ಟ್, ಗೋಡೆಯ ಪ್ಲಗ್ಗಿನಲ್ಲಿರುವುದು 230. ನಾನು ಹಲಗೆಯ ಮೇಲೆ ಈ ಎರಡು ಅಂಕಿ ಬರೆದು, ಗೋಡೆಯ ಕಡೆ ಹೋಗುವ ವೈರ್‌ಗಳನ್ನು ಮೊದಲು ಬೆರಳು ಮಾಡಿ ತೋರಿಸಿದೆ, ಅವು ಶಿಕ್ಷಕರದ್ದು ಎಂದೆ. ಆಮೇಲೆ ಮೌಸ್ ಕಿತ್ತು ಹಾಕಲು ಬಿಟ್ಟೆ. ಆ ಚಪ್ಪಟೆ ಯುಎಸ್‌ಬಿ ಪ್ಲಗ್ ಒಂದೇ ಬಗಲಿಗೆ ಹೋಗುತ್ತದೆ, ಹೋಗದಿದ್ದರೆ ತಳ್ಳದೆ ತಿರುಗಿಸಬೇಕು. ಕಂಪ್ಯೂಟರ್ ಚಾಲೂ ಇರುವಾಗಲೇ ಹಾಕಬಹುದು, ಕೆಲವು ಕ್ಷಣದಲ್ಲಿ ಬಾಣ ಓಡಾಡುತ್ತದೆ. ಹಳೆಯ ಯಂತ್ರಗಳಲ್ಲಿ ಹಸಿರು ಬಣ್ಣದ ದುಂಡು ಕಿಂಡಿ ಇದ್ದರೆ ಮಾತ್ರ ಯಂತ್ರ ಆರಿಸಿ ಜೋಡಿಸುವುದು ಕ್ಷೇಮ, ಒಳಗಿನ ಸಣ್ಣ ಸೂಜಿಗಳೂ ಬಾಗುತ್ತವೆ, ಅಲ್ಲಿ ಒತ್ತಾಯ ಸಲ್ಲದು. ಮೊದಲ ಸಲ ತಾನು ಹಾಕಿದ ಮೌಸ್‌ನ ಕೆಂಪು ದೀಪ ಹೊತ್ತಿದಾಗ ಆ ಹುಡುಗ ಕೈ ಹಿಂದಕ್ಕೆ ಎಳೆದುಕೊಂಡ. ಎರಡನೆಯ ಸಲ ಎಳೆದುಕೊಳ್ಳಲಿಲ್ಲ. ಅವನೇ ಮಾನಿಟರ್ ಮೇಲೆ ಬೆರಳು ಸರಿಸಿದವನು.

ಐದನೆಯ ಯಂತ್ರದಲ್ಲಿ ಎಡಗೈ ಹುಡುಗಿಯೊಬ್ಬಳಿದ್ದಳು. ನಾನು ಅವಳನ್ನು ಗಮನಿಸಿದ್ದು ತಡವಾಗಿ. ಅಷ್ಟರಲ್ಲಿ ಅವಳು "ನಂಗೆ ಬರಲ್ಲ ಮಿಸ್" ಎಂದು ಹಿಂದೆ ಸರಿದು ನಿಂತಿದ್ದಳು. ಮೌಸ್ ಎಡಕ್ಕೆ ತಂದರೆ ವೈರ್ ಎಟಕುತ್ತಿರಲಿಲ್ಲ, ಸಿಪಿಯು ಬಲಗಡೆ, ವೈರ್ ಅದರ ಹಿಂಬದಿಗೆ. ಮುಂಬದಿಯ ಕಿಂಡಿಗೆ ಬದಲಿಸಿದೆವು, ಎಟಕಿತು. ಆದರೆ ಎಡಗೈ ತೋರುಬೆರಳು ಬೀಳುವುದು ಬಲ ಗುಂಡಿಯ ಮೇಲೆ, ಒತ್ತಿದಾಗಲೆಲ್ಲ ಬೇಡದ ಪಟ್ಟಿಯೊಂದು ತೆರೆದುಕೊಳ್ಳುತ್ತಿತ್ತು, ಅವಳಿಗೆ ತಾನೇ ಏನೋ ಕೆಡಿಸಿದೆ ಎಂಬ ಹೆದರಿಕೆ. ಸೆಟ್ಟಿಂಗ್ಸ್‌ನ ಮೌಸ್ ಪುಟದಲ್ಲಿ ಮುಖ್ಯ ಗುಂಡಿಯನ್ನು ಎಡದಿಂದ ಬಲಕ್ಕೆ ಬದಲಿಸುವ ಆಯ್ಕೆ ಇದೆ. ಬದಲಿಸಿದೆ. ಅವಳು ಚೌಕ ಬರೆದಳು. ಅವಳ ಸರದಿ ಮುಗಿದು ಪಕ್ಕದವನು ಕೂತಾಗ ಅವನಿಗೆ ಎಲ್ಲ ಉಲ್ಟಾ! ಹಂಚಿಕೊಂಡು ಬಳಸುವ ಯಂತ್ರದಲ್ಲಿ ಇದಕ್ಕೆ ಪೂರ್ಣ ಪರಿಹಾರ ನನಗೆ ಕಂಡಿಲ್ಲ. ಎಡಗೈ ಮಕ್ಕಳಿಗೆ ಒಂದು ಯಂತ್ರವನ್ನು ಮೀಸಲಿಡಬಹುದು, ಇಲ್ಲವೇ ಆ ಆಯ್ಕೆಯನ್ನು ತಾವೇ ಬದಲಿಸಿಕೊಳ್ಳುವುದನ್ನು ಎಲ್ಲರಿಗೂ ಕಲಿಸಬಹುದು. ನನಗೆ ಎರಡನೆಯದು ಇಷ್ಟ. "ಬಲಗೈಯಲ್ಲೇ ರೂಢಿ ಮಾಡಿಕೋ" ಎನ್ನುವುದನ್ನಂತೂ ನಾವು ಬಿಡಬೇಕು. ಅದೇ ಪುಟದಲ್ಲಿ ಬಾಣದ ವೇಗ ತಗ್ಗಿಸುವ ಆಯ್ಕೆಯೂ ಇದೆ. ಅದನ್ನು ಸ್ವಲ್ಪ ತಗ್ಗಿಸಿಟ್ಟರೆ ಮೊದಲ ಸಲ ಹಿಡಿಯುವ ಕೈಗಳಿಗೆ ತುಂಬ ಉಪಕಾರ.

ಮೌಸ್ ಯಾರ ಕೈಯಲ್ಲಿ ಎಂಬುದು ಇನ್ನೊಂದು ದೊಡ್ಡ ಪ್ರಶ್ನೆ. ಒಂದು ಯಂತ್ರಕ್ಕೆ ಆರೇಳು ಮಕ್ಕಳು. ಮನೆಯಲ್ಲಿ ಕಂಪ್ಯೂಟರ್ ಇರುವ ಒಬ್ಬ ಮೌಸ್ ಹಿಡಿದರೆ ಉಳಿದವರು ಪ್ರೇಕ್ಷಕರು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು 2006ರ ಸುಮಾರಿಗೆ ಇದನ್ನೇ ಶಾಲೆಗಳಲ್ಲಿ ಗಮನಿಸಿ, ಒಂದೇ ಕಂಪ್ಯೂಟರ್‌ಗೆ ಹಲವು ಮೌಸ್ ಜೋಡಿಸಿ, ಪ್ರತಿ ಮಗುವಿಗೆ ಬೇರೆ ಬಣ್ಣದ ಬಾಣ ಕೊಡುವ ಪ್ರಯೋಗ ಮಾಡಿದ್ದರು. ಅದಕ್ಕೆ ವಿಶೇಷ ತಂತ್ರಾಂಶ ಬೇಕು. ನಾನು ಸುಮ್ಮನೆ ಎರಡು ಮೌಸ್ ಜೋಡಿಸಿ ನೋಡಿದೆ: ಬಾಣ ಒಂದೇ, ಎಳೆಯುವವರು ಇಬ್ಬರು, ಹಗ್ಗಜಗ್ಗಾಟ. ಕೊನೆಗೆ ಮಾಡಿದ್ದು ಇಷ್ಟು. ಪೇಂಟ್‌ನಲ್ಲಿ ಚುಕ್ಕಿ ರಂಗೋಲಿ. ಒಬ್ಬರು ಒಂದು ಸಾಲು ಚುಕ್ಕಿ ಇಟ್ಟು ಮೌಸ್ ದಾಟಿಸಬೇಕು, ಎಲ್ಲ ಚುಕ್ಕಿ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಎಳೆ ಎಳೆಯಬೇಕು. ಚುಕ್ಕಿ ಎಂದರೆ ಒಂದು ಕ್ಲಿಕ್, ಎಳೆ ಎಂದರೆ ಗುಂಡಿ ಒತ್ತಿ ಹಿಡಿದು ಎಳೆದು ಬಿಡುವುದು. ಮನೆ ಮುಂದೆ ರಂಗೋಲಿ ಹಾಕುವ ಹುಡುಗಿಯರ ಕೈ ಇಲ್ಲಿ ಮೇಲಾಯಿತು, ಮೌಸ್ ಹಿಡಿದು ಕೂತಿದ್ದವನು ಅವರನ್ನು ಕೇಳತೊಡಗಿದ. ಆ 25 ನಿಮಿಷ ಹೋದದ್ದು ಇದಕ್ಕೆಲ್ಲ.

ಈ ಹಳೆಯ ಸಾಧನಕ್ಕೆ ಇಷ್ಟೆಲ್ಲ ಯಾಕೆ, ನಾಳೆ ಎಲ್ಲವೂ ಬೆರಳಿನಲ್ಲೇ ಆಗುತ್ತದೆ ಎನ್ನುವವರಿದ್ದಾರೆ. ನಾಳೆ ಆಗಬಹುದು. ಇವತ್ತು ಪಿಯುಸಿ ವಿಜ್ಞಾನದ ಹುಡುಗ ಬರೆಯುವ ಜೆಇಇ ಮುಖ್ಯ ಪರೀಕ್ಷೆ ನಡೆಯುವುದು ಕಂಪ್ಯೂಟರ್‌ನಲ್ಲಿ, ಉತ್ತರ ಗುರುತಿಸುವುದು ಮೌಸ್‌ನಲ್ಲಿ, ಸಂಖ್ಯೆಯ ಉತ್ತರವನ್ನೂ ಪರದೆಯ ಮೇಲಿನ ಅಂಕಿಗಳನ್ನು ಕ್ಲಿಕ್ ಮಾಡಿಯೇ ತುಂಬಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಒಬ್ಬ ಲೆಕ್ಕದ ಬಗ್ಗೆ ಯೋಚಿಸುತ್ತಿರುತ್ತಾನೆ, ಇನ್ನೊಬ್ಬ ಬಾಣದ ಬಗ್ಗೆ. ಆ ಇನ್ನೊಬ್ಬ ಯಾವ ಶಾಲೆಯಿಂದ ಬಂದಿರುತ್ತಾನೆ ಎಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಇಪಿಸಿ ಪತ್ರಿಕೆಯ ಐಸಿಟಿ ಪ್ರಾಯೋಗಿಕದಲ್ಲಿ ನಾವು ಸ್ಲೈಡ್ ಮಾಡಿದ್ದೇವೆ, ಅಂಕಪಟ್ಟಿ ಮಾಡಿದ್ದೇವೆ, ರೆಕಾರ್ಡ್ ಬರೆದಿದ್ದೇವೆ. ಒಂದು ಮೌಸ್ ಕಿತ್ತು, ಹಾಕಿ, ಎಡಗೈಗೆ ಬದಲಿಸಿ ತೋರಿಸಿ ಎಂದು ಯಾರೂ ಕೇಳಿಲ್ಲ. ಆ ದಿನ ಆ ಹುಡುಗಿಗಾಗಿ ಸೆಟ್ಟಿಂಗ್ಸ್‌ನಲ್ಲಿ ಆಯ್ಕೆ ಹುಡುಕುವಾಗ ನನ್ನ ಕೈಯೂ ತಡವರಿಸಿತು, ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರು ಅದನ್ನು ಷರಾದಲ್ಲಿ ಸೇರಿಸದೆ ಬಿಟ್ಟದ್ದು ಅವರ ದೊಡ್ಡತನ. ಮುಂದಿನ ತಂಡದವರ ಸೂಕ್ಷ್ಮ ಬೋಧನೆಯಲ್ಲಿ ಇದನ್ನೊಂದು ಕೌಶಲವಾಗಿ ಸೇರಿಸಬೇಕೆಂದು ನಮ್ಮ ಐಸಿಟಿ ಸರ್ ಅವರಲ್ಲಿ ಕೇಳಿದ್ದೇನೆ.

ಬರುವ ವಾರ ಅದೇ ಶಾಲೆಯ ಒಂಬತ್ತನೆಯ ತರಗತಿಗೆ ನನ್ನ ಪಾಠವಿದೆ. ಯೋಜನೆ ಬರೆದಾಗಿದೆ. 'ಪೂರ್ವಜ್ಞಾನ'ದ ಮುಂದೆ ಮಾತ್ರ ಜಾಗ ಖಾಲಿ ಬಿಟ್ಟಿದ್ದೇನೆ, ಮೊದಲ ಐದು ನಿಮಿಷ ಮಕ್ಕಳ ಕೈಗಳನ್ನು ನೋಡಿ ಅಲ್ಲೇ ತುಂಬುವುದು ಎಂದು. ಖಾಲಿ ಬಿಟ್ಟ ಯೋಜನೆಗೆ ಮೇಡಂ ಸಹಿ ಹಾಕುತ್ತಾರೋ ಇಲ್ಲವೋ ಸೋಮವಾರ ಗೊತ್ತಾಗುತ್ತದೆ.