ದುಬೈ ಬಾವುಟ ಹಿಡಿದರೆ ಊರು ಮರೆತಂತೆಯಾ?

ಡಿಸೆಂಬರ್ 2. ದುಬೈಯಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನೊಬ್ಬ ಯುಎಇ ಬಾವುಟ ಹಿಡಿದ ಫೋಟೊವನ್ನು ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿದ. ಅರ್ಧ ಗಂಟೆಯಲ್ಲಿ ಅದರ ಸ್ಕ್ರೀನ್‌ಶಾಟ್ ಊರಿನ ಗ್ರೂಪಿಗೆ ಬಂತು. ‘ಹ್ವಾಯ್, ಊರ್ ಮರ್ತ್ ಹೋಯ್ತಾ?’ ಅಂತ ಒಬ್ಬರು. ‘ಅಲ್ಲೇ ಇರ್ಲಿ’ ಅಂತ ಇನ್ನೊಬ್ಬರು. ಸಂಜೆಯೊಳಗೆ ಹುಡುಗ ಸ್ಟೇಟಸ್ ಅಳಿಸಿದ. ಮರುದಿನ ಡೈರಿಗೆ ಹಾಲು ಹಾಕಲು ಹೋದ ಅವನ ಅಮ್ಮನೂ ಅದೇ ಮಾತು ಕೇಳಬೇಕಾಯಿತು.

ಬೈದವರಿಗೆ ಒಂದೇ ಪ್ರಶ್ನೆ: ಅವತ್ತು ಅಲ್ಲಿ ಏನು ಹಬ್ಬ, ಗೊತ್ತಾ?

1971ರ ಡಿಸೆಂಬರ್ 2ರಂದು, ಬ್ರಿಟಿಷರ ರಕ್ಷಣೆಯಲ್ಲಿದ್ದ ಆರು ಸಣ್ಣ ಸಂಸ್ಥಾನಗಳು ಕೂಡಿ ಒಂದು ದೇಶವಾದವು. ಏಳನೆಯದಾದ ರಾಸ್ ಅಲ್ ಖೈಮಾ 1972ರ ಫೆಬ್ರವರಿಯಲ್ಲಿ ಸೇರಿತು. ಹಬ್ಬದ ಹೆಸರು ಈದ್ ಅಲ್ ಇತಿಹಾದ್. ಈದ್ ಅಂದರೆ ಹಬ್ಬ, ಇತಿಹಾದ್ ಅಂದರೆ ಒಕ್ಕೂಟ. ಧರ್ಮದ ಹಬ್ಬವಲ್ಲ, ಕೂಡಿದ ಹಬ್ಬ.

ಇಂಥದ್ದೇ ಹಬ್ಬ ನಮಗೂ ಇದೆ: ನವೆಂಬರ್ 1. ಮದ್ರಾಸ್ ರಾಜ್ಯಕ್ಕೆ ಸೇರಿದ್ದ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಊರುಗಳು 1956ರ ಆ ದಿನ ಮೈಸೂರು ರಾಜ್ಯಕ್ಕೆ ಬಂದವು. ಅದೇ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಹೋಯಿತು. ನಮಗೆ ರಾಜ್ಯೋತ್ಸವವಾದ ದಿನ ಅಲ್ಲಿ ಕೇರಳ ಪಿರವಿ. ಅಲ್ಲಿನ ಎಷ್ಟೋ ಕನ್ನಡಿಗರಿಗೆ ನೋವಿನ ನೆನಪು. ತಾರೀಖು ಒಂದೇ, ಗಡಿ ದಾಟಿದರೆ ಅರ್ಥ ಬೇರೆ.

ಗಲ್ಫಿನ ರೂಮುಗಳಲ್ಲಿ ನಮ್ಮ ಹುಡುಗರು ಇದನ್ನು ಕಲಿತಿದ್ದಾರೆ. ಆಗಸ್ಟ್ 14 ಪಾಕಿಸ್ತಾನದವನದು, 15 ನಮ್ಮವನದು, ಮಾರ್ಚ್ 26 ಬಾಂಗ್ಲಾದವನದು. ಯಾವುದಕ್ಕೂ ಅಲ್ಲಿ ರಜೆಯಿಲ್ಲ. ಶುಭಾಶಯ ಹೇಳಿ ಡ್ಯೂಟಿಗೆ ಹೋಗುತ್ತಾರೆ. ‘ಆಗಸ್ಟ್ 15 ಆಯ್ತಲ್ಲ, ಜನವರಿ 26 ಮತ್ತೆ ಯಾಕೆ?’ ಅಂತ ಪಕ್ಕದ ಮಂಚದವ ಕೇಳಿದರೆ, 1950ರಲ್ಲಿ ಸಂವಿಧಾನ ಜಾರಿಗೆ ಬಂದ ದಿನ ಅಂತ ವಿವರಿಸಬೇಕಾದವನೂ ಅವನೇ. ಗ್ರೂಪಿನಲ್ಲಿ ಬೈದವರಲ್ಲಿ ಎಷ್ಟು ಜನ ಅದನ್ನು ಹೇಳಬಲ್ಲರು?

ಅಲ್ಲಿ ಪೌರತ್ವ ಸುಲಭಕ್ಕೆ ಸಿಗುವುದಿಲ್ಲ, ಸಂಬಳ ಬಾಕಿ ಇಡುವ ಮಾಲೀಕರೂ ಇದ್ದಾರೆ. ನಿಜ. ಅದನ್ನು ಗಟ್ಟಿಯಾಗಿ ಕೇಳೋಣ. ಆದರೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಹರಕೆ ಆಟಕ್ಕೆ ಅವನ ಹೆಸರಲ್ಲಿ ರಶೀದಿ ಹರಿಯುವಾಗ ಆ ದಿರ್ಹಮ್ ಯಾವ ದೇಶದ್ದು ಅಂತ ಯಾರೂ ಕೇಳಿದ್ದಿಲ್ಲ. ದುಡ್ಡು ಬೇಕು, ಬಾವುಟ ಬೇಡ. ಇದೆಂಥ ನ್ಯಾಯ?

ನೆರೆಮನೆಯ ಮದುವೆಯಲ್ಲಿ ಉಂಡು ಬಂದರೆ ನಮ್ಮನೆ ದೈವ ಮುನಿಯುವುದಿಲ್ಲ. ಬರುವ ಡಿಸೆಂಬರ್ 2ಕ್ಕೆ ಹುಡುಗ ಮತ್ತೆ ಸ್ಟೇಟಸ್ ಹಾಕಿದರೆ, ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ಅವನಿಗೇ ಒಂದು ಫೋನ್ ಮಾಡಿ: ‘ಇವತ್ತ್ ಅಲ್ಲ್ ಎಂಥ ಹಬ್ಬ ಮಾರಾಯಾ?’